‘ಇದೆಲ್ಲ ಸಹಜ’ ಅನ್ನೋ ಮಾತು

‘ಸಹಜ’ ಅನ್ನೋ ಪದ ನಮ್ಮಲ್ಲಿ ಎರಡು ಕಡೆ ಕೆಲಸ ಮಾಡುತ್ತೆ. ಹೊಟ್ಟೆ ಹಿಡಿದುಕೊಂಡು ಮಲಗಿದ ಹುಡುಗಿಗೆ ದೊಡ್ಡಮ್ಮ ‘ಇದೆಲ್ಲ ಸಹಜ ಕಣೇ, ನಾವೆಲ್ಲ ಸಹಿಸ್ಕೊಂಡಿಲ್ವಾ’ ಅಂದರೆ ಅದು ಬಾಯಿ ಮುಚ್ಚಿಸುವ ಮಾತು. ಅದೇ ಹುಡುಗಿ ಹತ್ತು ವರ್ಷ ಕಳೆದು, ಕೈಯಲ್ಲಿ ಪಿಸಿಓಎಸ್ ಅಂತ ಬರೆದ ಸ್ಕ್ಯಾನ್ ರಿಪೋರ್ಟು ಹಿಡಿದುಕೊಂಡು, ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ವೆಲ್‌ನೆಸ್ ಸೆಂಟರಿನ ಜಾಹೀರಾತು ನೋಡುವಾಗ ‘ಸಹಜ ಚಿಕಿತ್ಸೆ’ ಅನ್ನೋದು ಕೈಬೀಸಿ ಕರೆಯುವ ಮಾತು. ಮೊದಲನೇ ಸಲ ಆ ಪದ ‘ಏನೂ ಮಾಡಬೇಡ’ ಅಂತು. ಎರಡನೇ ಸಲ ‘ನಮ್ಮಲ್ಲಿಗೆ ಬಾ, ಹತ್ತು ದಿನ ಇರು’ ಅನ್ನುತ್ತಿದೆ. ಎರಡೂ ಸಲ ಯಾವುದು ಸಹಜ ಅಂತ ತೀರ್ಮಾನ ಮಾಡಿದವರು ಬೇರೆಯವರು.

ಪ್ರಕೃತಿ ಚಿಕಿತ್ಸೆಯನ್ನು ಗೇಲಿ ಮಾಡೋಕೆ ನಾನು ಇದನ್ನು ಬರೀತಿಲ್ಲ. ಗೇಲಿ ಮಾಡೋದು ಸುಲಭ, ಅದಕ್ಕೇ ಬೇಡ. ಇದು ಆಯುರ್ವೇದ ಅಲ್ಲ, ಅಜ್ಜಿ ಕೊಡೋ ಜೀರಿಗೆ ಕಷಾಯವೂ ಅಲ್ಲ. ಔಷಧಿ ಇಲ್ಲದೆ ನೀರು, ಮಣ್ಣು, ಶಾಖ, ಆಹಾರ, ಉಪವಾಸ, ಮಸಾಜು, ಯೋಗ ಇವುಗಳಿಂದಲೇ ಮೈಯನ್ನು ಸರಿ ಮಾಡಬಹುದು ಅನ್ನೋ ಪದ್ಧತಿ. ಬಿಎನ್‌ವೈಎಸ್ ಅಂತ ಅದಕ್ಕೆ ಪದವಿ ಇದೆ, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು. ನಮ್ಮ ಉಜಿರೆಯಲ್ಲಿ 1989ರಲ್ಲೇ ಅದರ ಕಾಲೇಜು ಶುರುವಾಯ್ತು. ಹಾಗಂತ ಇದೆಲ್ಲ ಋಷಿಮುನಿಗಳ ಕಾಲದ್ದು ಅಂದುಕೊಳ್ಳಬೇಕಿಲ್ಲ. ಮುಟ್ಟಿನ ತೊಂದರೆಗೆ ಇವತ್ತಿಗೂ ಕೊಡುವ ಕಟಿಸ್ನಾನ ಇದೆಯಲ್ಲ, ಸೊಂಟದ ಭಾಗ ಮಾತ್ರ ನೀರಲ್ಲಿ ಮುಳುಗಿ ಕಾಲು ಹೊರಗಿರುವ ಹಾಗೆ ತೊಟ್ಟಿಯಲ್ಲಿ ಕೂರೋದು, ಅದನ್ನು ಪ್ರಚಾರಕ್ಕೆ ತಂದವನು 19ನೇ ಶತಮಾನದ ಜರ್ಮನಿಯ ಲೈಪ್‌ಜಿಗ್ ಊರಿನ ಲೂಯಿ ಕೂನೆ. ಅವನ ಪುಸ್ತಕ ಓದಿ ಮರುಳಾದವರಲ್ಲಿ ಗಾಂಧಿಯೂ ಒಬ್ಬರು.

ಕೂನೆಯ ವಾದ ಸರಳ. ರೋಗಗಳು ನೂರಿಲ್ಲ, ಇರೋದು ಒಂದೇ. ತಪ್ಪಾಗಿ ತಿಂದು, ತಪ್ಪಾಗಿ ಬದುಕಿ ಮೈಯಲ್ಲಿ ಕಸ ಸೇರಿಸಿಕೊಳ್ಳುತ್ತೀವಿ, ಅದನ್ನು ಹೊರಗೆ ಹಾಕಿದರೆ ಮುಗೀತು. ಕೇಳೋಕೆ ಎಷ್ಟು ಹಿತವಾಗಿದೆ ನೋಡಿ. ಆದರೆ ಇದರ ಇನ್ನೊಂದು ಮುಖ ಏನು? ಕಾಯಿಲೆ ಬಂದಿದೆ ಅಂದ್ರೆ ನೀನೇ ಏನೋ ತಪ್ಪು ಮಾಡಿದ್ದೀಯ. ಇವತ್ತಿನ ‘ಡಿಟಾಕ್ಸ್’ ಭಾಷೆಯ ಹಿಂದೆ ಈ ಆರೋಪ ಇನ್ನೂ ಕೂತಿದೆ. ಪಿಸಿಓಎಸ್ ಇರೋ ಹುಡುಗಿಗೆ ಸ್ವಿಗ್ಗಿ ಊಟ, ನೈಟ್ ಶಿಫ್ಟು, ಇನ್ನೂ ಮದುವೆ ಆಗದಿರೋದು ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಓದಿ ಹೇಳ್ತಾರೆ. ನಡಿಗೆ, ನಿದ್ದೆ, ತೂಕ ಇವು ಪಿಸಿಓಎಸ್‌ನಲ್ಲಿ ನಿಜಕ್ಕೂ ಲೆಕ್ಕಕ್ಕೆ ಬರ್ತವೆ, ಅಲೋಪತಿ ಡಾಕ್ಟರೂ ಅದನ್ನೇ ಮೊದಲು ಹೇಳೋದು. ಮದುವೆ ಆ ಪಟ್ಟಿಗೆ ಹೇಗೆ ಬಂತು ಅನ್ನೋದು ವೈದ್ಯಶಾಸ್ತ್ರದ ಪ್ರಶ್ನೆ ಅಲ್ಲ. ಇನ್ನು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯೋದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ಸುಮಾರು 19 ಕೋಟಿ ಜನರಿಗೆ ಇದೆ. ಇದು ಯಾರೂ ಮೈದಾ ತಿಂದು ತಂದುಕೊಂಡದ್ದಲ್ಲ. ಇವರಿಗೆ ‘ನಿನ್ನ ದೇಹವನ್ನು ನೀನು ಪ್ರೀತಿಸ್ತಿಲ್ಲ’ ಅಂತ ಹೇಳುವ ಕೌನ್ಸೆಲಿಂಗು ನೋವಿನ ಮೇಲೆ ಇನ್ನೊಂದು ನೋವು.

ಹಾಗಾದರೆ ಜನ ಯಾಕೆ ಹೋಗ್ತಾರೆ? ಬೇರೆ ಕಡೆ ಏನು ಸಿಗ್ತಿದೆ ಅಂತ ನೋಡಿದರೆ ಗೊತ್ತಾಗುತ್ತೆ. ನಾಲ್ಕು ನಿಮಿಷದ ಕನ್ಸಲ್ಟೇಶನ್, ‘ಮ್ಯಾರೀಡಾ?’ ಅನ್ನೋ ಒಂದು ಪ್ರಶ್ನೆಯಲ್ಲೇ ಎಲ್ಲಾ ಕೇಳಿಬಿಟ್ಟ ಹಾಗೆ, ಮೂರು ತಿಂಗಳಿಗೆ ಮಾತ್ರೆ, ‘ಮಗು ಬೇಕು ಅಂದಾಗ ಬನ್ನಿ’. ಇದು ನಗರದ ಕಥೆ. ಹಳ್ಳಿ ಕಡೆಯದು ಇನ್ನೂ ಘೋರ. ಕಲಬುರಗಿ ಜಿಲ್ಲೆಯಲ್ಲಿ ಬಿಳಿಸೆರಗು, ಹೊಟ್ಟೆನೋವು ಅಂತ ಹೋದ ಲಂಬಾಣಿ, ದಲಿತ ಹೆಣ್ಣುಮಕ್ಕಳ ಗರ್ಭಕೋಶವನ್ನೇ ಖಾಸಗಿ ಆಸ್ಪತ್ರೆಗಳಲ್ಲಿ ತೆಗೆದುಹಾಕಿದ ಪ್ರಕರಣಗಳು ಹತ್ತು ವರ್ಷದ ಹಿಂದೆ ಬಯಲಿಗೆ ಬಂದವು. ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆಗಳಿಗೆ ಕಡಿವಾಣ ಹಾಕಿ ಅಂತ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳಬೇಕಾಗಿ ಬಂದದ್ದು 2023ರ ಏಪ್ರಿಲ್‌ನಲ್ಲಿ. ಚಾಕುವಿನ ಬಗ್ಗೆ ಪ್ರಕೃತಿ ಚಿಕಿತ್ಸೆಯವರಿಗೆ ಇರೋ ಅನುಮಾನ ಮೂಢನಂಬಿಕೆ ಅಂತ ತಳ್ಳಿಹಾಕೋದು ಇದನ್ನು ಓದಿದವರಿಗೆ ಕಷ್ಟ.

ಜೊತೆಗೆ ಅವರು ಕೊಡೋದರಲ್ಲಿ ಕೆಲವು ಕೆಲಸ ಮಾಡುತ್ತೆ. ಮುಟ್ಟಿನ ಸಾಮಾನ್ಯ ಸೆಳೆತ ಬರೋದು ಪ್ರೋಸ್ಟಾಗ್ಲಾಂಡಿನ್ ಅನ್ನೋ ರಾಸಾಯನಿಕ ಗರ್ಭಕೋಶದ ಸ್ನಾಯುವನ್ನು ಬಿಗಿಹಿಡಿಯೋದರಿಂದ. ನೋವಿನ ಮಾತ್ರೆ ಆ ರಾಸಾಯನಿಕದ ತಯಾರಿಕೆಯನ್ನೇ ತಡೆಯುತ್ತೆ, ಶಾಖ ಬಿಗಿದ ಸ್ನಾಯುವನ್ನು ಸಡಿಲಿಸುತ್ತೆ. ಹೊಟ್ಟೆಗೆ ಬಿಸಿ ಕೊಟ್ಟರೆ ನೋವು ಇಳಿಯುತ್ತೆ ಅನ್ನೋದು ಸಣ್ಣ ಪ್ರಯೋಗಗಳಲ್ಲಿ ಕಂಡಿದೆ, ಬಿಸಿನೀರಿನ ಬ್ಯಾಗು ಇರೋ ಎಲ್ಲಾ ಹಾಸ್ಟೆಲ್ ರೂಮುಗಳಲ್ಲೂ ಕಂಡಿದೆ. ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿ ಸಮಯ ಸಿಗುತ್ತೆ. ಒಬ್ಬರು ಕೂತು ಮುಕ್ಕಾಲು ಗಂಟೆ ನಿಮ್ಮ ಮಾತು ಕೇಳ್ತಾರೆ. ಇದಕ್ಕೆ ನಾವು ಕೊಡೋ ಬೆಲೆ ಕಡಿಮೆ.

ಗಾಂಧಿಯ ವಿಷಯಕ್ಕೆ ಮತ್ತೆ ಬರ್ತೀನಿ, ಯಾಕಂದ್ರೆ ನನಗೆ ಗೊತ್ತಿರುವ ಹಾಗೆ ಈ ಪ್ರಶ್ನೆಯ ಅತ್ಯಂತ ಪ್ರಾಮಾಣಿಕ ಕೇಸ್ ಶೀಟ್ ಇರೋದು ಅವರ ಆತ್ಮಕಥೆಯಲ್ಲಿ. ದಕ್ಷಿಣ ಆಫ್ರಿಕಾದಲ್ಲಿದ್ದಾಗ ಕಸ್ತೂರಬಾಗೆ ಪದೇ ಪದೇ ರಕ್ತಸ್ರಾವ ಆಗ್ತಿತ್ತು. ಎಲ್ಲಿಂದ, ಯಾವ ಥರದ್ದು ಅಂತ ಗಾಂಧಿ ಬಿಡಿಸಿ ಬರೆಯೋದಿಲ್ಲ. ಓದುವ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಯೂ ಇಲ್ಲ ಅನ್ನಿಸುತ್ತೆ. ಡಾಕ್ಟರು ಆಪರೇಷನ್ ಅಂದರು, ಆಕೆ ಸ್ವಲ್ಪ ಹಿಂಜರಿದು ಒಪ್ಪಿದರು. ಎಷ್ಟು ಸೊರಗಿದ್ದರು ಅಂದ್ರೆ ಕ್ಲೋರೋಫಾರ್ಮ್ ಕೊಡದೆಯೇ ಮಾಡಿದರಂತೆ. ಆಮೇಲೆ ಅದೇ ಡಾಕ್ಟರು ದನದ ಮಾಂಸದ ಸಾರು ಕೊಡಲೇಬೇಕು ಅಂದಾಗ ಗಾಂಧಿ ಹೆಂಡತಿಯನ್ನೇ ಕೇಳಿದರು. ಕಸ್ತೂರಬಾ ಬೇಡ ಅಂದರು. ಮಳೆಯಲ್ಲೇ ಆಕೆಯನ್ನು ಡರ್ಬನ್ನಿಂದ ಫೀನಿಕ್ಸಿಗೆ ಕರೆದುಕೊಂಡು ಹೋದರು. ಇಲ್ಲಿಯವರೆಗೆ ತೀರ್ಮಾನ ಎಲ್ಲಾ ಆಕೆಯದೇ.

ಸ್ವಲ್ಪ ದಿನಕ್ಕೆ ರಕ್ತಸ್ರಾವ ಮತ್ತೆ ಶುರುವಾಯ್ತು. ನೀರಿನ ಚಿಕಿತ್ಸೆಯೊಂದರಿಂದ ಗುಣ ಕಾಣಲಿಲ್ಲ. ಉಪ್ಪು, ಬೇಳೆ ಬಿಡು ಅಂತ ಗಾಂಧಿ ಒತ್ತಾಯ ಮಾಡಿದರು. ಆಕೆ ಒಪ್ಪಲಿಲ್ಲ, ನಿಮಗೆ ಹೇಳಿದ್ದರೆ ನೀವೂ ಬಿಡ್ತಿರಲಿಲ್ಲ ಅಂದುಬಿಟ್ಟರು. ಗಾಂಧಿ ತಕ್ಷಣ ತಾನೇ ಒಂದು ವರ್ಷ ಎರಡನ್ನೂ ಬಿಟ್ಟೆ ಅಂತ ವ್ರತ ತೊಟ್ಟರು. ಕಸ್ತೂರಬಾ ಬಿಡ್ತೀನಿ, ನಿಮ್ಮ ಮಾತು ವಾಪಸ್ ತಗೊಳ್ಳಿ ಅಂತ ಬೇಡಿಕೊಂಡರು. ತಗೊಳ್ಳಲಿಲ್ಲ. ಆಕೆ ಅತ್ತರು. ಗಾಂಧಿ ಈ ಪ್ರಸಂಗವನ್ನು ಮನೆಯೊಳಗಿನ ಸತ್ಯಾಗ್ರಹ ಅಂತ ಅಕ್ಕರೆಯಿಂದ ನೆನಪಿಸಿಕೊಳ್ತಾರೆ. ನನಗೆ ಅದನ್ನು ಓದಿದಾಗಲೆಲ್ಲ ಇರುಸುಮುರುಸು. ರಕ್ತ ಹೋಗ್ತಿರೋ ಹೆಂಗಸಿಗೆ ‘ಸಹಜ’ವಾದ ದಾರಿಯನ್ನು ಪ್ರೀತಿಯ ಒತ್ತಡದಿಂದ ಒಪ್ಪಿಸಿದ್ದು ಒಪ್ಪಿಗೆ ಆಗುತ್ತಾ? ಸಾರಿನ ವಿಷಯದಲ್ಲಿ ಆಕೆಯನ್ನು ಕೇಳಿದ್ದರು. ಉಪ್ಪಿನ ವಿಷಯದಲ್ಲಿ ಕೇಳಿದ್ದರು ಅನ್ನೋಕಾಗಲ್ಲ. ಅದೃಷ್ಟಕ್ಕೆ ಆಕೆ ಗುಣವಾದರು. ಇಲ್ಲಿ ಗಾಂಧಿ ಮಾಡೋ ಒಂದು ಕೆಲಸಕ್ಕೆ ನಾನು ತಲೆಬಾಗ್ತೀನಿ: ಪಥ್ಯದಿಂದಲೋ, ಇನ್ಯಾವುದರಿಂದಲೋ, ಗುಣವಾದದ್ದು ಯಾಕೆ ಅಂತ ತನಗೆ ಹೇಳೋಕಾಗಲ್ಲ ಅಂತ ಬರೆದು, ತನ್ನನ್ನೇ ನಾಟಿವೈದ್ಯ ಅಂತ ತಮಾಷೆ ಮಾಡಿಕೊಳ್ತಾರೆ. ಇವತ್ತಿನ ಯಾವ ಟೆಸ್ಟಿಮೋನಿಯಲ್ ವಿಡಿಯೋದಲ್ಲಿ ಈ ಮಾತು ಕೇಳಿದ್ದೀರಾ? ಇದೇ ಗಾಂಧಿ 1924ರಲ್ಲಿ ಅಪೆಂಡಿಸೈಟಿಸ್ ಆದಾಗ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಂಡರು. ಆಷಾಢಭೂತಿತನ ಅಂತ ನಾನು ಅನ್ನೋದಿಲ್ಲ. ತನ್ನ ಪದ್ಧತಿ ಎಲ್ಲಿ ನಿಲ್ಲುತ್ತೆ ಅಂತ ಒಪ್ಪಿಕೊಳ್ಳೋದು ಕೂಡ ಚಿಕಿತ್ಸೆಯ ಭಾಗವೇ.

ಈ ನಿಲ್ಲುವ ಜಾಗ ಮುಟ್ಟಿನ ವಿಷಯದಲ್ಲಿ ತುಂಬಾ ಹತ್ತಿರ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತಿನಲ್ಲಿ, ಅಂದ್ರೆ 2019-21ರಲ್ಲಿ, 15ರಿಂದ 49 ವರ್ಷದ ಭಾರತದ ಹೆಂಗಸರಲ್ಲಿ ಶೇ. 57ರಷ್ಟು ಜನಕ್ಕೆ ರಕ್ತಹೀನತೆ ಇತ್ತು. ಕರ್ನಾಟಕದಲ್ಲಿ ಶೇ. 47.8. ಗಂಟೆಗೊಂದು ಪ್ಯಾಡು ಬದಲಿಸುವಷ್ಟು ರಕ್ತ ಹೋಗೋರನ್ನು ಹಿಮೋಗ್ಲೋಬಿನ್ ನೋಡದೆ ಮೂರು ದಿನ ಜ್ಯೂಸಿನ ಮೇಲೆ ಇಡೋದು ಶುದ್ಧೀಕರಣ ಅಲ್ಲ, ಅಪಾಯ. ಒಳ್ಳೆಯ ನ್ಯಾಚುರೋಪತಿ ಡಾಕ್ಟರಿಗೆ ಇದು ಗೊತ್ತಿರುತ್ತೆ. ರಕ್ತ ಪರೀಕ್ಷೆ ಮಾಡಿಸ್ತಾರೆ, ಬೇಕಾದರೆ ಸರ್ಜನ್ ಹತ್ತಿರ ಕಳಿಸ್ತಾರೆ. ನನ್ನ ತಕರಾರು ಅವರ ಜೊತೆ ಅಲ್ಲವೇ ಅಲ್ಲ.

ಈಗ ‘ಎಲ್ಲರಿಗೂ’ ಅನ್ನೋ ಮಾತು. ಬ್ರೋಶರುಗಳಲ್ಲಿ ‘ಇನ್‌ಕ್ಲೂಸಿವ್’ ಅಂತ ಬರೆಯೋದು ಈಗ ಫ್ಯಾಷನ್. ಬೇರೆ ಕ್ಲಿನಿಕ್ಕಿನಲ್ಲಿ ಅದಕ್ಕೆ ಫಾರ್ಮಿನಲ್ಲಿ ಒಂದು ಕಾಲಂ ಸೇರಿಸಿದರೆ ಸಾಕು ಅಂತ ವಾದಿಸಬಹುದೇನೋ. ಇಲ್ಲಿ ಸಾಗಲ್ಲ. ಯಾಕಂದ್ರೆ ಇಲ್ಲಿ ಚಿಕಿತ್ಸೆ ಅಂದ್ರೆ ಬಟ್ಟೆ ಬಿಚ್ಚಿ ತೊಟ್ಟಿಗೆ ಇಳಿಯೋದು, ಇನ್ನೊಬ್ಬರ ಕೈ ಹೊಟ್ಟೆ ಮೇಲೆ, ಸೊಂಟದ ಮೇಲೆ ಓಡಾಡೋದು. ಅದಕ್ಕೇ ಪ್ರಕೃತಿ ಚಿಕಿತ್ಸಾಲಯಗಳಲ್ಲಿ ಹೆಂಗಸರ ವಿಭಾಗ, ಗಂಡಸರ ವಿಭಾಗ ಬೇರೆ ಬೇರೆ ಇರೋದು, ಅದು ಸರಿಯೇ. ಆದರೆ ಗಡ್ಡ ಬಂದಿರುವ, ಆಧಾರ್ ಕಾರ್ಡಿನಲ್ಲಿ ಪುರುಷ ಅಂತಿರುವ, ಗರ್ಭಕೋಶವೂ ಇರುವ ಟ್ರಾನ್ಸ್ ಪುರುಷನೊಬ್ಬ ಹೊಟ್ಟೆನೋವಿಗೆ ಅಂತ ಬಂದರೆ ಯಾವ ಬಾಗಿಲು? ಟೆಸ್ಟೋಸ್ಟೆರಾನ್ ತಗೊಳ್ಳೋರಿಗೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಮುಟ್ಟು ನಿಲ್ಲುತ್ತೆ. ನಿಲ್ಲಲಿ ಅನ್ನೋದೇ ಅವರ ಆಸೆಯೂ ಇರಬಹುದು. ‘ಮುಟ್ಟನ್ನು ಸಹಜ ಕ್ರಮಕ್ಕೆ ತರೋದೇ ಆರೋಗ್ಯ’ ಅಂತ ನಂಬಿರುವ ಪದ್ಧತಿ ಅವರಿಗೆ ಏನು ಹೇಳುತ್ತೆ? ಗಾಲಿಕುರ್ಚಿಯಲ್ಲಿ ಬಂದವರನ್ನು ಕಟಿಸ್ನಾನದ ತೊಟ್ಟಿಗೆ ಇಳಿಸೋರು ಯಾರು, ಅವರ ಕೈ ಎಲ್ಲೆಲ್ಲಿ ಮುಟ್ಟಬೇಕು ಅಂತ ಕೇಳೋದು ಅವರನ್ನಾ, ಜೊತೆಗೆ ಬಂದ ಅಮ್ಮನನ್ನಾ?

ಕಾನೂನು ಈ ವಿಷಯದಲ್ಲಿ ಸ್ವಲ್ಪ ಮುಂದೆ ಇದೆ. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಗರ್ಭಪಾತದ ಸೌಲಭ್ಯದಲ್ಲಿ ಮದುವೆ ಆದವರು, ಆಗದವರು ಅಂತ ಭೇದ ಮಾಡುವ ಹಾಗಿಲ್ಲ ಅಂತು. ಅದೇ ತೀರ್ಪಿನಲ್ಲಿ, ತಾವು ಬಳಸುವ ‘ಮಹಿಳೆ’ ಅನ್ನೋ ಪದದಲ್ಲಿ ಈ ಸೇವೆ ಬೇಕಾಗಬಹುದಾದ ಇತರ ಲಿಂಗತ್ವದವರೂ ಸೇರುತ್ತಾರೆ ಅಂತ ಸ್ಪಷ್ಟ ಮಾಡಿತು. ಗುರಿ ಯಾರದು ಅನ್ನೋದೇ ಇಲ್ಲಿರೋ ಪ್ರಶ್ನೆ. ಒಬ್ಬರಿಗೆ ಮಗು ಬೇಕು. ಒಬ್ಬರಿಗೆ ಯಾವತ್ತೂ ಬೇಡ, ಆದರೆ ನೋವು ಹೋಗಬೇಕು. ಒಬ್ಬರಿಗೆ ಮುಟ್ಟೇ ಬೇಡ. ಇವರೆಲ್ಲರ ಮುಂದೆ ಪ್ರಕೃತಿಯ ಪರವಾಗಿ ಮಾತಾಡ್ತೀನಿ ಅನ್ನೋರು ಮೊದಲು ಆ ವಕಾಲತ್ತು ಯಾರು ಕೊಟ್ಟದ್ದು ಅಂತ ಹೇಳಬೇಕು.

ಇನ್ನೊಂದು ಪದ ಇದೆ, ‘ವಿಶ್ರಾಂತಿ’. ‘ಹಿಂದಿನವರು ದಡ್ಡರಲ್ಲ, ಮೂರು ದಿನ ಹೊರಗೆ ಕೂರಿಸ್ತಿದ್ದದ್ದು ಹೆಂಗಸಿಗೆ ರೆಸ್ಟ್ ಸಿಗಲಿ ಅಂತ’ ಅನ್ನೋ ವಾಟ್ಸಾಪ್ ಫಾರ್ವರ್ಡು ನಿಮಗೂ ಬಂದಿರುತ್ತೆ. ತುಮಕೂರು, ಚಿತ್ರದುರ್ಗದ ಕಡೆ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರು, ಬಾಣಂತಿಯರು ಊರಾಚೆ ಗುಡಿಸಲಲ್ಲಿ ಮಲಗ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಬೇರೆ ಚಾಪೆ, ಬೇರೆ ತಟ್ಟೆ ಇಡೋ ಮನೆಗಳಿವೆ, ಗುಡಿಸಲಿನ ಬಗ್ಗೆ ಮಾತ್ರ ಸುದ್ದಿ ಬರುತ್ತೆ ಅಷ್ಟೆ. ಎದ್ದು ಒಳಗೆ ಬರ್ತೀನಿ ಅಂದರೆ ಬಿಡದೇ ಇರೋದು ವಿಶ್ರಾಂತಿ ಹೇಗಾಗುತ್ತೆ? 2025ರ ಅಕ್ಟೋಬರಿನಲ್ಲಿ ಕರ್ನಾಟಕ ಸಚಿವ ಸಂಪುಟ ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಬೇಕಾದವರು ತಗೋಬಹುದು, ಬೇಡದವರು ಬಿಡಬಹುದು. ಮ್ಯಾನೇಜರಿಗೆ ಹೇಳುವಾಗ ಮುಜುಗರ ಆಗುತ್ತೆ ಅನ್ನೋ ಗೆಳತಿಯರಿದ್ದಾರೆ, ಅದು ಬೇರೆ ಲೇಖನ. ಆದರೆ ಹತ್ತು ದಿನದ ರಜೆ, ಅದರ ಮೇಲೆ ಕಾಟೇಜಿನ ಬಾಡಿಗೆ ಇವೆರಡೂ ಯಾರ ಕೈಗೆಟಕುತ್ತೆ ಅನ್ನೋ ಪ್ರಶ್ನೆ ‘ಎಲ್ಲರಿಗೂ’ ಅನ್ನೋದರ ಒಳಗೇ ಇದೆ. ಗಾರ್ಮೆಂಟ್ಸ್ ಹೆಂಗಸಿಗೆ ಟಾಯ್ಲೆಟ್ಟಿಗೆ ಎದ್ದು ಹೋಗೋದೇ ಲೆಕ್ಕ ಕೊಡಬೇಕಾದ ವಿಷಯ.

ಯಾವ ಸೆಂಟರಿಗೆ ಹೋಗಬಹುದು ಅಂತ ಯಾರಾದರೂ ನನ್ನನ್ನು ಕೇಳಿದರೆ ಹೆಸರು ಹೇಳೋದಿಲ್ಲ. ಬುಕ್ ಮಾಡೋಕೆ ಮುಂಚೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ ಅಂತೀನಿ. ಒಂದು, ಯಾವ ಥರದ ಕೇಸನ್ನು ನೀವು ತಗೊಳ್ಳದೆ ಬೇರೆ ಕಡೆ ಕಳಿಸ್ತೀರಿ? ಇನ್ನೊಂದು, ಚಿಕಿತ್ಸೆ ಮಧ್ಯದಲ್ಲಿ ನನಗೆ ಇದು ಬೇಡ ಅನ್ನಿಸಿದರೆ ಏನು ಮಾಡ್ತೀರಿ? ಮೊದಲನೆಯದಕ್ಕೆ ‘ನಮ್ಮಲ್ಲಿ ಎಲ್ಲದಕ್ಕೂ ಇದೆ ಮೇಡಂ’ ಅನ್ನೋ ಉತ್ತರ ಥಟ್ಟನೆ ಬಂದರೆ ಫೋನ್ ಇಡಬಹುದು. ಎರಡನೆಯದಕ್ಕೆ ಆ ಕಡೆ ಸ್ವಲ್ಪ ಹೊತ್ತು ಮೌನ ಇರುತ್ತೆ. ಆ ಮೌನ ಮುಗಿಯೋವರೆಗೂ ಕಾಯಿರಿ.