ಕಡಲ ತೀರಕ್ಕೆ ಹೊರಡುವ ಮುನ್ನ



ಸಂತ ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಒಂದು ಪುಟ್ಟ ಪ್ರವಾಸದ ಸಂಗತಿ ಬರುತ್ತದೆ. ಪ್ರೇಷಿತರು ಊರೂರು ಸುತ್ತಿ, ಶುಭಸಂದೇಶ ಸಾರಿ, ದಣಿದು ಹಿಂದಿರುಗಿದ್ದಾರೆ. ಬಂದು ಹೋಗುವವರ ಗದ್ದಲದಲ್ಲಿ ಅವರಿಗೆ ಊಟಕ್ಕೂ ಬಿಡುವಿಲ್ಲ. ಇದನ್ನು ಗಮನಿಸಿದ ಪ್ರಭು ಯೇಸು, ಜನಸಂದಣಿಯಿಲ್ಲದ ಕಡೆಗೆ ಹೋಗಿ ದಣಿವಾರಿಸಿಕೊಳ್ಳೋಣವೆಂದು ಅವರನ್ನು ಕರೆಯುತ್ತಾರೆ. ಎಲ್ಲರೂ ದೋಣಿ ಹತ್ತಿ ಗಲಿಲೇಯ ಸರೋವರದ ಇನ್ನೊಂದು ದಡದ ಕಡೆಗೆ ಹೊರಡುತ್ತಾರೆ.

ಆದ್ದರಿಂದ, ವಾರವಿಡೀ ದುಡಿದು ದಣಿದವನು ಎರಡು ದಿನ ನೀರಿನ ದಡದಲ್ಲಿ ಕಳೆಯಬೇಕೆಂದು ಬಯಸಿದರೆ ಅದು ತಪ್ಪೇನೂ ಅಲ್ಲ. ಆ ಬಯಕೆ ನಮ್ಮ ಪ್ರಭುವಿಗೂ ಗೊತ್ತಿತ್ತು. ವಿನೋದವನ್ನು ಕಂಡರೆ ಮುಖ ಸಿಂಡರಿಸುವುದೇ ಭಕ್ತಿ ಎಂದು ಕೆಲವರು ತಿಳಿಯುತ್ತಾರೆ. ಅಂಥವರಿಗಾಗಿ ಸಂತ ಥಾಮಸ್ ಅಕ್ವಿನಾಸ್ ಒಂದು ಹಳೆಯ ಕಥೆಯನ್ನು ನೆನಪಿಸುತ್ತಾರೆ. ಸಂತ ಯೊವಾನ್ನರು ತಮ್ಮ ಶಿಷ್ಯರೊಂದಿಗೆ ಆಟವಾಡುತ್ತಿದ್ದುದನ್ನು ಕಂಡು ಒಬ್ಬ ಬಿಲ್ಲುಗಾರ ಬೇಸರಪಟ್ಟನಂತೆ. ಆಗ ಯೊವಾನ್ನರು ಅವನಿಗೆ ಒಂದರ ಮೇಲೊಂದು ಬಾಣ ಬಿಡಲು ಹೇಳಿ, ಹೀಗೆಯೇ ಬಿಡುತ್ತಾ ಇರಬಲ್ಲೆಯಾ ಎಂದು ಕೇಳಿದರಂತೆ. ಬಿಲ್ಲು ಮುರಿದೀತು ಎಂದ ಅವನು. ಸದಾ ಬಿಗಿದೇ ಇರುವ ಮನಸ್ಸೂ ಹಾಗೆಯೇ ಮುರಿಯುತ್ತದೆ ಎಂಬುದು ಅಕ್ವಿನಾಸರ ಪಾಠ.

ಬೆಂಗಳೂರಿನಂಥ ಮಹಾನಗರದಲ್ಲಿ ಇಂದು ಬಿಗಿದ ಬಿಲ್ಲುಗಳಿಗೆ ಕೊರತೆಯಿಲ್ಲ. ಬೆಳಿಗ್ಗೆ ಟ್ರಾಫಿಕ್, ಸಂಜೆ ಟ್ರಾಫಿಕ್, ನಡುವೆ ಕಚೇರಿಯ ಒತ್ತಡ, ಮಕ್ಕಳ ಟ್ಯೂಷನ್, ಸಾಲದ ಕಂತು. ಆದ್ದರಿಂದಲೇ ಶುಕ್ರವಾರ ರಾತ್ರಿ ಕರಾವಳಿಯ ಬಸ್ಸು, ರೈಲುಗಳು ತುಂಬಿಹೋಗುತ್ತವೆ. ಮಂಗಳೂರಿಗೆ ಸುಮಾರು 350 ಕಿಲೋಮೀಟರ್ ದಾರಿ. ಶಿರಾಡಿ ಘಾಟಿ ಇಳಿದರೆ ಬೆಳಗಾಗುವಷ್ಟರಲ್ಲಿ ಉಪ್ಪಿನ ಗಾಳಿ ಮುಖಕ್ಕೆ ಬಡಿಯುತ್ತದೆ. ಎರಡು ಹಗಲು, ಒಂದು ರಾತ್ರಿ; ಸೋಮವಾರ ಮತ್ತೆ ಕಚೇರಿ.

ಇಂಥ ಪ್ರವಾಸಕ್ಕೆ ಹೊರಡುವ ಮುನ್ನ ನಾವು ಎಷ್ಟೊಂದು ಲೆಕ್ಕ ಹಾಕುತ್ತೇವೆ! ರೂಮು ಕಾದಿರಿಸಬೇಕು, ಪೆಟ್ರೋಲ್ ಹಾಕಿಸಬೇಕು, ಮೀನಿನ ಊಟ ಎಲ್ಲಿ ಚೆನ್ನಾಗಿದೆ ಎಂದು ವಿಚಾರಿಸಬೇಕು. ಆದರೆ ಈ ಲೆಕ್ಕದಲ್ಲಿ ಬಿಟ್ಟುಹೋಗುವುದು ಏನು? ಅದಕ್ಕೆ ನನ್ನ ಕಣ್ಣೆದುರಿಗೇ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನಿದ್ದ ಧರ್ಮಕೇಂದ್ರದಲ್ಲಿ, ತಿಂಗಳ ಮೊದಲ ಶುಕ್ರವಾರ ವೃದ್ಧರಿಗೂ ರೋಗಿಗಳಿಗೂ ಪರಮಪ್ರಸಾದ ಕೊಂಡೊಯ್ಯುತ್ತಿದ್ದೆ. ಒಂದು ಮನೆಯಲ್ಲಿ ಮಂಡಿನೋವಿನಿಂದ ನರಳುವ ಅಜ್ಜಿಯೊಬ್ಬರಿದ್ದರು. ಕುಂದಾಪುರದ ಕಡೆಯವರು. ಮದುವೆಯಾಗಿ ಬೆಂಗಳೂರಿಗೆ ಬಂದು ನಲವತ್ತು ವರ್ಷ ಕಳೆದಿತ್ತು. ಅಂದು ಆ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಅಂದವಾಗಿ ಬರೆದ ಒಂದು ಪಟ್ಟಿ ಅಂಟಿಸಿತ್ತು. ಪಣಂಬೂರು, ಕಾಪು ದೀಪಸ್ತಂಭ, ಮಲ್ಪೆ, ಸೇಂಟ್ ಮೇರೀಸ್ ದ್ವೀಪ, ಮರವಂತೆ, ಮುರ್ಡೇಶ್ವರ, ಗೋಕರ್ಣ. ಎರಡು ದಿನಕ್ಕೆ ಏಳು ಸ್ಥಳ, ಪ್ರತಿಯೊಂದರ ಮುಂದೆ ಗಂಟೆ, ನಿಮಿಷ. ಅಂದು ರಾತ್ರಿಯೇ ಮಗ, ಸೊಸೆ, ಮೊಮ್ಮಕ್ಕಳು ಹೊರಡುವವರಿದ್ದರು.

"ನೀವು ಹೋಗುವುದಿಲ್ಲವೇ ಅಮ್ಮ?" ಎಂದು ಕೇಳಿದೆ.

"ನಾನೇ ಬರುವುದಿಲ್ಲ ಅಂದೆ ಫಾದರ್. ಮರಳಿನಲ್ಲಿ ನನ್ನಿಂದ ನಡೆಯಲಿಕ್ಕೆ ಆಗುವುದಿಲ್ಲ. ನನಗೋಸ್ಕರ ನಾಲ್ಕು ಸಲ ಕಾರು ನಿಲ್ಲಿಸಬೇಕಾಗ್ತದೆ. ಮಕ್ಕಳ ಖುಷಿ ಯಾಕೆ ಕೆಡಿಸುವುದು?" ಎಂದರು. ಸ್ವಲ್ಪ ಸುಮ್ಮನಿದ್ದು, "ಮರವಂತೆಗೆ ಹೋಗುವ ರಸ್ತೆ ನಮ್ಮ ಊರಿನ ಮೇಲೆಯೇ ಹೋಗ್ತದೆ," ಎಂದು ಸೇರಿಸಿದರು.

ಆ ಮಾತು ನನಗೆ ಅರ್ಥವಾಗಬೇಕಿತ್ತು. ಆದರೆ ಅಂದು ಇನ್ನೂ ಆರು ಮನೆಗಳಿಗೆ ಹೋಗಬೇಕಿತ್ತು. "ನೀವು ಚೆನ್ನಾಗಿ ವಿಶ್ರಾಂತಿ ತೆಗೆದುಕೊಳ್ಳಿ ಅಮ್ಮ" ಎಂದು ಹೇಳಿ ಮುಂದಿನ ಮನೆಗೆ ನಡೆದೆ. ಇದನ್ನು ನನ್ನ ತಪ್ಪೆಂದೇ ಹೇಳುತ್ತಿದ್ದೇನೆ. ನನ್ನ ಕೈಯಲ್ಲೂ ಅಂದು ಒಂದು ಪಟ್ಟಿಯಿತ್ತು.

ಮುಂದಿನ ವಾರ ಆ ಮಗ ಗುರುನಿವಾಸಕ್ಕೆ ಬಂದರು. ಮುಖದಲ್ಲಿ ಕಳೆಯಿರಲಿಲ್ಲ. ಏಳು ಸ್ಥಳಗಳನ್ನೂ ಮುಗಿಸಬೇಕೆಂಬ ಹಟದಲ್ಲಿ ಎರಡು ದಿನವೂ ಕಾರಿನಲ್ಲೇ ಕಳೆದಿತ್ತು. ಗಂಡ ಹೆಂಡಿರಲ್ಲಿ ಜಗಳವಾಗಿ ಗೋಕರ್ಣದಿಂದ ಬೆಂಗಳೂರಿನವರೆಗೆ ಮಾತಿಲ್ಲ. ಭಾನುವಾರದ ಬಲಿಪೂಜೆಯೂ ತಪ್ಪಿತ್ತು. "ರಜೆಯಲ್ಲಿದ್ದೆವಲ್ಲ ಫಾದರ್, ದೇವರು ಕ್ಷಮಿಸುತ್ತಾರೆ ಅಂದುಕೊಂಡೆ. ಆದರೆ ಮೊದಲಿಗಿಂತ ಹೆಚ್ಚು ಸುಸ್ತಾಗಿ ಬಂದಿದ್ದೇವೆ" ಎಂದರು.

ಪ್ರಿಯರೇ, ಆ ಪಟ್ಟಿಯಲ್ಲಿ ಏನು ಕೊರತೆಯಿತ್ತು? ನಾನು ಬಹಳ ಯೋಚಿಸಿದೆ. ದೇವರ ಹತ್ತು ಆಜ್ಞೆಗಳಲ್ಲಿ ಮೂರನೆಯದು, ನಾಲ್ಕನೆಯದು, ಐದನೆಯದು ಒಂದರ ಪಕ್ಕದಲ್ಲಿ ಒಂದಿವೆ. ಮೂರನೆಯದು ಪ್ರಭುವಿನ ದಿನವನ್ನು ಕುರಿತದ್ದು. ನಾಲ್ಕನೆಯದು ತಂದೆತಾಯಿಯರನ್ನು, ಐದನೆಯದು ಜೀವವನ್ನು ಕುರಿತದ್ದು. ಪ್ರವಾಸದ ಪಟ್ಟಿ ಬರೆಯುವಾಗ ಈ ಮೂರನ್ನೂ ಎದುರಿಗಿಟ್ಟುಕೊಂಡರೆ ಸಾಕು ಎಂದು ನನಗೆ ತೋರುತ್ತದೆ.

ಮೊದಲು ಪ್ರಭುವಿನ ದಿನ. ಶನಿವಾರ ಮತ್ತು ಭಾನುವಾರಗಳನ್ನು ನಾವು ವಾರಾಂತ್ಯ ಎನ್ನುತ್ತೇವೆ. ಆದರೆ ಕ್ರೈಸ್ತರಿಗೆ ಭಾನುವಾರ ವಾರದ ಅಂತ್ಯವಲ್ಲ, ವಾರದ ಮೊದಲ ದಿನ. ಪ್ರಭು ಪುನರುತ್ಥಾನರಾದ ದಿನ. ಜಗದ್ಗುರು ಎರಡನೆಯ ಜಾನ್ ಪಾಲ್‌ರವರು 1998ರಲ್ಲಿ ಭಾನುವಾರವನ್ನು ಕುರಿತು ಬರೆದ ಪ್ರೇಷಿತ ಪತ್ರದಲ್ಲಿ ಇದೇ ಎಚ್ಚರಿಕೆ ಕೊಟ್ಟಿದ್ದಾರೆ. ಭಾನುವಾರ ಕೇವಲ ವಾರಾಂತ್ಯದ ಒಂದು ತುಂಡಾದರೆ, ಹಬ್ಬದ ಬಟ್ಟೆ ತೊಟ್ಟರೂ ಹಬ್ಬ ಮಾಡಲು ಬಾರದವರಾಗುತ್ತೇವೆ ಎಂಬುದು ಅವರ ಕಳಕಳಿ.

ಧರ್ಮಸಭೆ ಈ ವಿಷಯದಲ್ಲಿ ತಾಯಿಯಂತೆ ನಡೆದುಕೊಂಡಿದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ, ಭಾನುವಾರದ ಬಲಿಪೂಜೆಯ ಕರ್ತವ್ಯವನ್ನು ಭಾನುವಾರವಾಗಲಿ ಹಿಂದಿನ ದಿನ ಸಂಜೆಯಾಗಲಿ, ಕಥೋಲಿಕ ವಿಧಿಯ ಬಲಿಪೂಜೆ ನಡೆಯುವ ಯಾವ ಊರಿನಲ್ಲಾದರೂ ನೆರವೇರಿಸಬಹುದು. ಅದರಲ್ಲೂ ನಮ್ಮ ಕರಾವಳಿಯಲ್ಲಿ ದೇವಾಲಯಗಳಿಗೆ ಬರವೇ? ಮಲ್ಪೆಯಿಂದ ಕೆಲವೇ ಕಿಲೋಮೀಟರ್ ದೂರದ ಕಲ್ಯಾಣಪುರದಲ್ಲಿ, 2012ರಲ್ಲಿ ರಚನೆಯಾದ ಉಡುಪಿ ಧರ್ಮಕ್ಷೇತ್ರದ ಪ್ರಧಾನ ದೇವಾಲಯವಾದ ಮಿಲಾಗ್ರಿಸ್ ಇದೆ. ಕಾರ್ಕಳದ ಬಳಿ ಅತ್ತೂರಿನಲ್ಲಿ ಸಂತ ಲಾರೆನ್ಸರ ಪುಣ್ಯಕ್ಷೇತ್ರವಿದೆ. 2016ರಲ್ಲಿ ಅದು ಬಸಿಲಿಕವಾಯಿತು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದಲ್ಲಿ, ಸುಮಾರು ನೂರಿಪ್ಪತ್ತೈದು ವರ್ಷಗಳ ಹಿಂದೆ ಇಟಲಿಯ ಯೇಸುಸಭೆಯ ಬ್ರದರ್ ಅಂತೋನಿಯೊ ಮೊಸ್ಕೆನಿಯವರು ಗೋಡೆ, ಛಾವಣಿಗಳ ತುಂಬ ಬರೆದ ಚಿತ್ರಗಳಿವೆ. ರೂಮು ಕಾದಿರಿಸುವ ದಿನವೇ ಹತ್ತಿರದ ದೇವಾಲಯಕ್ಕೆ ಫೋನು ಮಾಡಿ ಬಲಿಪೂಜೆಯ ವೇಳೆ ಕೇಳಿಕೊಳ್ಳಿ. ಅಲ್ಲಿ ಕೊಂಕಣಿಯಲ್ಲಿ ಪೂಜೆಯಾದರೆ ಅರ್ಥವಾಗುವುದಿಲ್ಲ ಎನ್ನಬೇಡಿ. ಪೀಠದ ಮೇಲೆ ಬರುವವರು ಅದೇ ಪ್ರಭು.

ಮೂರನೆಯ ಆಜ್ಞೆಗೆ ಇನ್ನೊಂದು ಮುಖವೂ ಇದೆ. ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯವನ್ನು ಓದಿ ನೋಡಿ. ವಿಶ್ರಾಂತಿಯ ದಿನ ಮನೆಯ ಯಜಮಾನನಿಗೆ ಮಾತ್ರವಲ್ಲ. ಮಗನಿಗೆ, ಮಗಳಿಗೆ, ಆಳಿಗೆ, ಎತ್ತಿಗೆ, ಕತ್ತೆಗೆ, ಊರಿಗೆ ಬಂದ ಪರದೇಶಿಗೆ, ಎಲ್ಲರಿಗೂ ಅದು ಸಲ್ಲಬೇಕು. ಹಾಗಾದರೆ ರಾತ್ರಿಯಿಡೀ ಘಾಟಿಯಲ್ಲಿ ಗಾಡಿ ಓಡಿಸಿದ ಚಾಲಕನಿಗೆ ಬೆಳಿಗ್ಗೆ ಮಲಗಲು ಜಾಗ ಕೊಟ್ಟಿದ್ದೀರಾ? ನಿಮ್ಮ ಕೋಣೆ ಗುಡಿಸುವ ಹುಡುಗನಿಗೆ, ಮೀನು ಹುರಿದು ಬಡಿಸುವ ಹೆಂಗಸಿಗೆ ಒಂದು ಒಳ್ಳೆಯ ಮಾತು ಹೇಳಿದ್ದೀರಾ? ಕರಾವಳಿಯಲ್ಲಿ ಕಡಲಿಗೂ ವಿಶ್ರಾಂತಿಯಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಮೀನು ಮರಿಮಾಡುವ ಕಾಲವದು. ಬಿಡುವು ಕೊಡದ ಕಡಲು ಬರಿದಾಗುತ್ತದೆ ಎಂದು ಮೀನುಗಾರ ಬಲ್ಲ. ನಮ್ಮ ಮನೆಗಳ ವಿಷಯದಲ್ಲಿ ನಾವು ಇಷ್ಟನ್ನಾದರೂ ಬಲ್ಲೆವೇ?

ಇನ್ನು ನಾಲ್ಕನೆಯ ಆಜ್ಞೆ. ತಂದೆತಾಯಿಯರನ್ನು ಗೌರವಿಸುವುದೆಂದರೆ ಔಷಧಿ ತಂದುಕೊಡುವುದು, ಊಟ ಹಾಕುವುದು ಮಾತ್ರವಲ್ಲ. ನಮ್ಮ ಸಂತೋಷದಲ್ಲಿ ಅವರಿಗೂ ಒಂದು ಪಾಲಿಡಬೇಕು. "ನಾನು ಬರುವುದಿಲ್ಲ, ನೀವು ಹೋಗಿ ಬನ್ನಿ" ಎಂದು ಹಿರಿಯರು ಹೇಳಿದರೆ ಅದನ್ನು ಅಷ್ಟಕ್ಕೇ ನಂಬಬೇಡಿ. ಎರಡನೆಯ ಸಲ ಕೇಳಿ. ಪಕ್ಕದಲ್ಲಿ ಕುಳಿತು ಮೂರನೆಯ ಸಲ ಕೇಳಿ. ನಿಜವಾಗಿಯೂ ಪ್ರಯಾಣ ಮಾಡಲಾರದವರಾದರೆ, ಅವರ ಜೊತೆಗಿರಲು ಒಬ್ಬರನ್ನು ಗೊತ್ತುಮಾಡಿ. ಅಲ್ಲಿಂದ ದಿನಕ್ಕೆರಡು ಸಲ ಫೋನು ಮಾಡಿ. ಅಲೆಗಳ ಸದ್ದನ್ನು ಅವರಿಗೂ ಕೇಳಿಸಿ.

ಕೊನೆಯದಾಗಿ ಐದನೆಯ ಆಜ್ಞೆ. ಕಡಲು ಸುಂದರ, ಆದರೆ ಆಟದ ಮೈದಾನವಲ್ಲ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದ ಕೋಲಾರ ಜಿಲ್ಲೆಯ ನಾಲ್ವರು ಬಾಲಕಿಯರು ಅಲೆಗಳ ಪಾಲಾದರು. ಆ ತಾಯಂದಿರ ದುಃಖವನ್ನು ನೆನೆದರೆ ಕರುಳು ಹಿಂಡುತ್ತದೆ. ಕೆಂಪು ಬಾವುಟ ಕಂಡ ಕಡೆ ನೀರಿಗೆ ಇಳಿಯಬೇಡಿ. ಜೀವರಕ್ಷಕರು ಸೀಟಿ ಊದಿದರೆ ಅವರೊಡನೆ ವಾದಕ್ಕೆ ನಿಲ್ಲಬೇಡಿ. ಕುಡಿದು ನೀರಿಗೆ ಇಳಿಯುವುದು, ನಿದ್ದೆಗಣ್ಣಿನಲ್ಲಿ ಶಿರಾಡಿ ಘಾಟಿಯಲ್ಲಿ ಗಾಡಿ ಓಡಿಸುವುದು ದೇವರು ಕೊಟ್ಟ ಜೀವಕ್ಕೆ ಮಾಡುವ ಅಪಚಾರ. ಮಳೆಗಾಲದಲ್ಲಿ ಕಡಲು ಉಗ್ರವಾಗಿರುತ್ತದೆ, ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಗಳೂ ಹೋಗುವುದಿಲ್ಲ, ಘಾಟಿಯಲ್ಲಿ ಗುಡ್ಡ ಕುಸಿಯುವುದೂ ಉಂಟು. ಕಾಲ ನೋಡಿ ಹೊರಡುವುದೇ ವಿವೇಕ. ವಿವೇಕವೂ ಒಂದು ಸದ್ಗುಣವೇ.

ಇದನ್ನು ಓದುವವರಲ್ಲಿ, ಕಡಲಿನವರೆಗೆ ಹೋಗಿಬರುವಷ್ಟು ಹಣವಾಗಲಿ ರಜೆಯಾಗಲಿ ಇಲ್ಲದವರೂ ಇದ್ದೀರಿ. ನೀವು ಕಳೆದುಕೊಂಡದ್ದೇನೂ ಇಲ್ಲ. ಭಾನುವಾರ ಬಲಿಪೂಜೆ ಮುಗಿಸಿ, ಮನೆಮಂದಿಯೆಲ್ಲ ಕಬ್ಬನ್ ಪಾರ್ಕಿನ ಮರದಡಿ ಕುಳಿತರೆ ಅಲ್ಲಿಯೂ ಪ್ರಭುವಿನ ವಿಶ್ರಾಂತಿ ದೊರೆಯುತ್ತದೆ. ಸಾಲ ಮಾಡಿ ಹೋಗುವ ಪ್ರವಾಸದಲ್ಲಿ ಅದು ದೊರೆಯುವುದು ಕಷ್ಟ.

ಆ ಕುಟುಂಬದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅಜ್ಜಿ ಅಂದು ನನಗೆ ಹೇಳಿದ್ದನ್ನು, ಅವರ ಅನುಮತಿ ಕೇಳಿ, ಮಗನಿಗೆ ತಿಳಿಸಿದೆ. ಅವರು ತಲೆ ತಗ್ಗಿಸಿ ಕುಳಿತರು. ಮುಂದಿನ ಜನವರಿಯಲ್ಲಿ ಅವರು ಮತ್ತೆ ಕರಾವಳಿಗೆ ಹೋದರು, ಈ ಸಲ ಅಜ್ಜಿಯೊಂದಿಗೆ. ಪಟ್ಟಿಯಲ್ಲಿ ಎರಡೇ ಸ್ಥಳ: ಅಜ್ಜಿ ಜ್ಞಾನಸ್ನಾನ ಪಡೆದ ದೇವಾಲಯ ಮತ್ತು ಅವರೂರಿನ ಕಡಲು. ಕಾರನ್ನು ನಾಲ್ಕಲ್ಲ, ಎಂಟು ಸಲ ನಿಲ್ಲಿಸಬೇಕಾಯಿತಂತೆ. ಬಲಿಪೂಜೆಯಲ್ಲಿ ಅಜ್ಜಿ ಪುಸ್ತಕವಿಲ್ಲದೆ ಕೊಂಕಣಿ ಗೀತೆಗಳನ್ನೆಲ್ಲ ಹಾಡಿದಾಗ ಮೊಮ್ಮಕ್ಕಳು ಬೆರಗಾಗಿ ಅವರ ಬಾಯನ್ನೇ ನೋಡುತ್ತಿದ್ದರಂತೆ. ಹತ್ತಾರು ವರ್ಷ ಒಂದೇ ಮನೆಯಲ್ಲಿದ್ದರೂ ಅವರು ಆ ದನಿಯನ್ನು ಕೇಳಿರಲಿಲ್ಲ. ಸಂಜೆ ಮಗ ತಾಯಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ತಂದು, ಅಲೆ ಬಂದು ಪಾದ ತಾಕುವ ಕಡೆ ಹಾಕಿಕೊಟ್ಟರು. "ಕತ್ತಲಾಗುವವರೆಗೂ ನಾವು ಸುಮ್ಮನೆ ಕುಳಿತಿದ್ದೆವು ಫಾದರ್, ಎಲ್ಲಿಗೂ ಹೋಗಲಿಲ್ಲ" ಎಂದು ಅವರು ಹೇಳಿದಾಗ ಅವರ ಮುಖದಲ್ಲಿದ್ದ ನೆಮ್ಮದಿಯನ್ನು ನಾನು ಮರೆತಿಲ್ಲ.

ಸಂತ ಯೊವಾನ್ನನ ಶುಭಸಂದೇಶದ ಕೊನೆಯ ಅಧ್ಯಾಯದಲ್ಲಿಯೂ ಒಂದು ದಡವಿದೆ. ಇರುಳೆಲ್ಲ ಬಲೆ ಬೀಸಿ ಬರಿಗೈಯಲ್ಲಿದ್ದ ಶಿಷ್ಯರಿಗಾಗಿ ಪುನರುತ್ಥಾನರಾದ ಪ್ರಭು ಕೆಂಡದ ಮೇಲೆ ಮೀನು ಸುಟ್ಟು, ರೊಟ್ಟಿಯೊಂದಿಗೆ ಕಾದಿದ್ದಾರೆ. ಊಟವಾದ ಮೇಲೆ ಅವರು ಪೇತ್ರನನ್ನು ಕೇಳಿದ್ದು, ನನ್ನನ್ನು ಪ್ರೀತಿಸುತ್ತೀಯಾ ಎಂಬುದನ್ನು ಮಾತ್ರ. ಅದನ್ನೇ ಮೂರು ಸಲ. ನೀವು ಹೋಗಿ ಸೇರುವ ದಡದಲ್ಲಿಯೂ ಅವರು ನಿಮಗಿಂತ ಮೊದಲೇ ಬಂದು ಕಾದಿರುತ್ತಾರೆ. ಎಷ್ಟು ಸ್ಥಳ ನೋಡಿದಿರಿ ಎಂದು ಕೇಳುವುದಿಲ್ಲ. ನನ್ನನ್ನು ಪ್ರೀತಿಸುತ್ತೀರಾ, ನಾನು ಕೊಟ್ಟವರನ್ನು ಪ್ರೀತಿಸುತ್ತೀರಾ ಎಂದು ಕೇಳುತ್ತಾರೆ.

ಹೋಗಿಬನ್ನಿ. ಕಡಲ ತಾರೆಯಾದ ಮಾತೆ ಮರಿಯಮ್ಮನವರು ನಿಮ್ಮ ದಾರಿಯನ್ನು ಕಾಯಲಿ.