ಸರಪಳಿ ಹಾಕಿದವರು, ಹೆಸರು ಕೇಳಿದವರು

ಮಾರ್ಕನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಗೆರಸೇನರ ಸೀಮೆಯ ಒಬ್ಬ ಮನುಷ್ಯನಿದ್ದಾನೆ. ವಾಸ ಸಮಾಧಿಗಳ ನಡುವೆ. ಹಗಲೂ ರಾತ್ರಿ ಕೂಗುತ್ತಾ ಕಲ್ಲುಗಳಿಂದ ತನ್ನ ಮೈಯನ್ನು ತಾನೇ ಗಾಯ ಮಾಡಿಕೊಳ್ಳುತ್ತಿದ್ದ. ನಮಗೆ ಈ ಕಥೆಯಲ್ಲಿ ನೆನಪಿರುವುದು ದೆವ್ವಗಳು, ನೀರುಪಾಲಾದ ಸುಮಾರು 2000 ಹಂದಿಗಳು. ಆ ಕಲ್ಲುಗಳು ಮರೆತೇಹೋಗಿವೆ.

ಊರವರು ಸುಮ್ಮನಿರಲಿಲ್ಲ. ಎಷ್ಟೋ ಸಲ ಬೇಡಿ, ಸರಪಳಿ ಹಾಕಿದ್ದರು, ಅವನು ಮುರಿದುಹಾಕಿದ್ದ. ಯೇಸುಸ್ವಾಮಿ ಬಿರುಗಾಳಿ ದಾಟಿ ಆ ದಡಕ್ಕೆ ಬಂದರು. ಬಂದು ಹೆಸರು ಕೇಳಿದರು.

ಸರಪಳಿ ನಮ್ಮ ಮನೆಗಳಲ್ಲೂ ಇದೆ. ಬಿರುಬೇಸಿಗೆಯಲ್ಲೂ ತುಂಬುತೋಳಿನ ಬಟ್ಟೆ ಬಿಡದ ಮಗಳ ಕೈಯ ಮೇಲಿನ ಗಾಯಗಳನ್ನು ತಾಯಿ ಒಂದು ದಿನ ನೋಡಿಬಿಡುತ್ತಾಳೆ. "ಇನ್ನು ಮಾಡಲ್ಲ ಅಂತ ನನ್ನ ಮೇಲೆ ಆಣೆ ಮಾಡು" ಎಂದು ಅಳುತ್ತಾಳೆ. ಪ್ರೀತಿಯ ಮಾತೇ ಅದು. ಆದರೆ ಆಣೆ ತಪ್ಪಿದ ದಿನ ಆ ಹುಡುಗಿಗೆ ಸಂಕಟದ ಜೊತೆ ಅಪರಾಧಭಾವವೂ ಸೇರಿ, ಅವಳು ಇನ್ನಷ್ಟು ಬಚ್ಚಿಡುತ್ತಾಳೆ. ಇದೇ ಅಧ್ಯಾಯ ತೋರಿಸಿ "ಮಗುವಿಗೆ ದೆವ್ವ ಹಿಡಿದಿದೆ" ಎನ್ನುವವರು ಬಂದರೆ, ಅವರು ಸಭಾಪಾಲಕರೇ ಆಗಿರಲಿ, ಬಾಗಿಲಿನಿಂದಲೇ ಕಳಿಸಿಬಿಡಿ.

ಹೀಗೆ ತಮ್ಮನ್ನು ತಾವೇ ಗಾಯ ಮಾಡಿಕೊಳ್ಳುವ ಅನೇಕರಿಗೆ ಸಾಯುವ ಮನಸ್ಸಿರುವುದಿಲ್ಲ. ತಾಳಲಾರದ ಸಂಕಟ ಒಂದು ಗಳಿಗೆಯಾದರೂ ತಗ್ಗಲಿ ಎಂಬುದೇ ಅವರ ಆಸೆ. ನಾಟಕ ಅನ್ನಬೇಡಿ. ಹಾಗಂತ ಹಗುರವಾಗಿಯೂ ತೆಗೆದುಕೊಳ್ಳಬೇಡಿ. ಮುಂದೆ ಪ್ರಾಣಕ್ಕೇ ಅಪಾಯವಾಗಬಹುದು. "ಸಾಯಬೇಕು ಅನ್ನಿಸ್ತಿದೆಯಾ ಮಗಾ?" ಎಂದು ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ಯಾರಿಗೂ ಹೇಳುವುದಿಲ್ಲ ಎಂದು ಮಾತೂ ಕೊಡಬೇಡಿ.

ಎಲೀಯನಂಥ ಪ್ರವಾದಿಯೇ ಮರದಡಿ ಕೂತು ಸಾವು ಬೇಡಿದ್ದನಲ್ಲ, ಆಗ ದೇವದೂತ ಪ್ರಸಂಗ ಮಾಡಲಿಲ್ಲ. ರೊಟ್ಟಿ, ನೀರು ಇಟ್ಟ. ಅವನು ತಿಂದು ಮತ್ತೆ ಮಲಗಿದಾಗ ಮಲಗಲು ಬಿಟ್ಟ. ನೀವು ಪ್ರಾರ್ಥನೆ ಮಾಡಿ, ಆದರೆ ಊಟ ಬಡಿಸಿದ ಮೇಲೆ.

ಗೆರಸೇನದವನು ಬಟ್ಟೆ ತೊಟ್ಟು, ಬುದ್ಧಿ ಸ್ವಸ್ಥವಾಗಿ ಕೂತಿದ್ದನ್ನು ಕಂಡಾಗ ಊರವರು ಹೆದರಿದರು, ಯೇಸುವನ್ನೇ ಹೊರಟುಹೋಗಿ ಎಂದು ಬೇಡಿಕೊಂಡರು. ಸ್ವಾಮಿ ಮಾತ್ರ ಅವನನ್ನು ಅವನ ಮನೆಗೇ ಕಳಿಸಿದರು. ನಮ್ಮ ಸಭೆಯಲ್ಲೂ ಹಳೆಯ ಗಾಯದ ಕಲೆ ಹೊತ್ತು ಕೂತವರಿದ್ದಾರೆ. ಅವರ ಕೈಯನ್ನು ದಿಟ್ಟಿಸಬೇಡಿ, ಆ ಕಲೆಯನ್ನು ಮದುವೆ ಮಾತುಕತೆಗೆ ಎಳೆಯಬೇಡಿ.

ಮನೋವೈದ್ಯರ ಬಳಿ ಹೋಗುವುದು ವಿಶ್ವಾಸದ ಕೊರತೆಯಲ್ಲ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೆಗೆ ಹೊರಡುವ ಮೊದಲು ಈ ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಳ್ಳಿ.