ಅರಿಯದೆ ಮಾಡಿದ ಹಿಂಸೆಗೆ ಹೊಣೆಯುಂಟೇ?

ಒಂದು ಜೀವವು ಮತ್ತೊಂದು ಜೀವವನ್ನು ಅವಲಂಬಿಸಿಯೇ ಬದುಕುತ್ತದೆಯೆಂಬುದನ್ನು ಶ್ರೀಮದ್ಭಾಗವತದ ಪ್ರಥಮ ಸ್ಕಂಧದಲ್ಲಿ ನಾರದರು ಧರ್ಮರಾಜನಿಗೆ ತಿಳಿಸುತ್ತಾರೆ. ಧೃತರಾಷ್ಟ್ರ-ಗಾಂಧಾರಿಯರು ಹೇಳದೆ ಕೇಳದೆ ಅರಮನೆಯನ್ನು ತೊರೆದುಹೋದಾಗ ಶೋಕಗ್ರಸ್ತನಾದ ದೊರೆಗೆ ಹೇಳಿದ ಸಾಂತ್ವನದ ನುಡಿಯದು. ದೊಡ್ಡದು ಚಿಕ್ಕದನ್ನು ತಿನ್ನುತ್ತದೆ ಎಂಬಷ್ಟಕ್ಕೇ ಅದನ್ನು ನಾವು ಸಾಮಾನ್ಯವಾಗಿ ಅರ್ಥಮಾಡಿಕೊಳ್ಳುತ್ತೇವೆ. ಆದರೆ ಕೊಲ್ಲದೆ, ಸತ್ತುದನ್ನು ಮಾತ್ರ ತಿಂದು ಬದುಕುವ ಜೀವಿಗಳೂ ಈ ಸೃಷ್ಟಿಯಲ್ಲಿವೆ. ರಣಹದ್ದು ಅಂಥದು. ಅದು ಮನೆಯ ಮೇಲೆ ಕುಳಿತರೆ ಶಾಂತಿ ಮಾಡಿಸುವ ಜನ ನಾವು. ಜಟಾಯುವಿನ ಕಥೆಗೆ ಕಣ್ಣೀರಿಡುವವರೂ ನಾವೇ.

1990ರ ದಶಕದಲ್ಲಿ ಭರತಪುರದ ಕೇವಲಾದೇವ ರಾಷ್ಟ್ರೀಯ ಉದ್ಯಾನದಲ್ಲಿ ರಣಹದ್ದುಗಳು ಕತ್ತು ಜೋಲಿಸಿಕೊಂಡು ಕುಳಿತು, ಕುಳಿತಲ್ಲಿಯೇ ಸಾಯತೊಡಗಿದುದನ್ನು ಪಕ್ಷಿತಜ್ಞರು ಗಮನಿಸಿದರು. ಕೆಲವೇ ವರ್ಷಗಳಲ್ಲಿ ದೇಶದ ಎಲ್ಲೆಡೆಯೂ ಅದೇ ಕಥೆಯಾಯಿತು. ಒಂದು ಕಾಲದಲ್ಲಿ ಲಕ್ಷಗಟ್ಟಲೆ ಇದ್ದ ಬಿಳಿಬೆನ್ನಿನ ರಣಹದ್ದುಗಳಲ್ಲಿ 1992ರಿಂದ 2007ರೊಳಗೆ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಅಳಿದವು. ಯಾವುದೋ ಸಾಂಕ್ರಾಮಿಕ ರೋಗವಿರಬೇಕೆಂದು ಮೊದಲು ಊಹಿಸಲಾಗಿತ್ತು. ನಿಜವಾದ ಕಾರಣ ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯಿಂದ ಹೊರಬಿದ್ದು 2004ರಲ್ಲಿ ಪ್ರಕಟವಾಯಿತು. ನೋವಿನಿಂದ ನರಳುವ ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ಅಗ್ಗದ ಔಷಧವೇ ಆ ಕಾರಣ. ಮದ್ದು ಪಡೆದ ದನವು ಒಂದೆರಡು ದಿನಗಳಲ್ಲಿ ಸತ್ತರೆ, ಅದರ ಕಳೇಬರವನ್ನು ತಿಂದ ಹದ್ದಿನ ಮೂತ್ರಪಿಂಡಗಳು ಕೆಟ್ಟು, ಯೂರಿಕ್ ಆಮ್ಲವು ಅಂಗಾಂಗಗಳಲ್ಲಿ ಸುಣ್ಣದಂತೆ ಹೆಪ್ಪುಗಟ್ಟಿ, ಕೆಲವೇ ದಿನಗಳಲ್ಲಿ ಅದು ಸಾಯುತ್ತದೆ. ಎಲ್ಲ ಕಳೇಬರಗಳೂ ವಿಷವಾಗಬೇಕಾಗಿರಲಿಲ್ಲ. ನೂರರಲ್ಲಿ ಒಂದಕ್ಕಿಂತ ಕಡಿಮೆ ಕಳೇಬರಗಳಲ್ಲಿ ಈ ಮದ್ದಿದ್ದರೂ ಸಂತತಿ ಕ್ಷಯಿಸಲು ಸಾಕೆಂದು ಲೆಕ್ಕಹಾಕಲಾಗಿದೆ. ಏಕೆಂದರೆ ಹದ್ದುಗಳು ಒಂದೇ ಕಳೇಬರಕ್ಕೆ ಹಿಂಡುಹಿಂಡಾಗಿ ಇಳಿಯುತ್ತವೆ. ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ.

ಗೋವಿನ ಮೇಲಣ ಕರುಣೆಯಿಂದ ಕೊಟ್ಟ ಮದ್ದು ಜಟಾಯುವಿನ ಕುಲಕ್ಕೆ ಮೃತ್ಯುವಾಯಿತು. ಕೊಟ್ಟವನಿಗೆ ದ್ವೇಷವಿರಲಿಲ್ಲ, ಲೋಭವಿರಲಿಲ್ಲ. ಹದ್ದಿನ ನೆನಪೂ ಅವನಿಗಿರಲಿಲ್ಲ. ಹೀಗಿರುವಾಗ ಇಲ್ಲಿ ದೋಷವುಂಟೇ?

ಇಲ್ಲವೆನ್ನಲು ಮನಸ್ಸು ಹವಣಿಸುತ್ತದೆ. ಆದರೆ ನಮ್ಮ ಧರ್ಮಶಾಸ್ತ್ರವು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಗೃಹಸ್ಥನ ಮನೆಯಲ್ಲಿ ಐದು ವಧಸ್ಥಾನಗಳಿವೆಯೆಂದು ಅದು ಹೇಳುತ್ತದೆ: ಒಲೆ, ಬೀಸುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ. ಪೊರಕೆ ಹಿಡಿದ ಗೃಹಿಣಿಗೆ ಇರುವೆಯ ಮೇಲೆ ಯಾವ ಹಗೆ? ಆದರೂ ಅವು ‘ಪಂಚಸೂನಾ’ಗಳೆನಿಸಿದವು; ಆ ದೋಷದ ಪರಿಹಾರಕ್ಕೆಂದೇ ಪಂಚಮಹಾಯಜ್ಞಗಳು ವಿಹಿತವಾದವು. ಅವುಗಳಲ್ಲಿ ಭೂತಯಜ್ಞವೆಂಬುದು ನಾಯಿ, ಕಾಗೆ, ಕ್ರಿಮಿಕೀಟಗಳಿಗೆ ಅನ್ನವಿಡುವುದು. (ಫ್ಲ್ಯಾಟುಗಳಲ್ಲಿ ವೈಶ್ವದೇವವೇ ಅಪರೂಪವಾಗಿದೆ, ಬಲಿಯನ್ನಿಡಲು ಅಂಗಳವೂ ಇಲ್ಲ. ಆ ಮಾತು ಹಾಗಿರಲಿ.) ಇದರಿಂದ ಸ್ಪಷ್ಟವಾಗುವುದೇನೆಂದರೆ, ಉದ್ದೇಶವಿಲ್ಲದ ಹಿಂಸೆಯು ಕೊಲೆಪಾತಕವಲ್ಲವಾದರೂ ಅದು ಶೂನ್ಯವೂ ಅಲ್ಲ. ಅದಕ್ಕೊಂದು ಋಣವಿದೆ.

‘ಎಲ್ಲವೂ ಹರಿಚಿತ್ತವಲ್ಲವೇ? ಹದ್ದು ಅಳಿಯುವುದೂ ಅವನ ಸಂಕಲ್ಪವೇ’ ಎನ್ನುವವರುಂಟು. ನಮ್ಮ ಸಿದ್ಧಾಂತದಲ್ಲಿ ಇದು ಅರ್ಧಸತ್ಯ. ಸ್ವತಂತ್ರನು ಶ್ರೀಹರಿಯೊಬ್ಬನೇ ಎಂಬುದು ದಿಟ. ಆದರೆ ಜೀವನ ಕರ್ತೃತ್ವವು ಪರಾಧೀನವಾದರೂ ಮಿಥ್ಯೆಯಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಜೀವನಿಗೆ ಕರ್ತೃತ್ವವನ್ನು ಒಪ್ಪಿರುವುದು, ಒಪ್ಪದಿದ್ದರೆ ವಿಧಿನಿಷೇಧಗಳನ್ನು ಹೇಳುವ ಶಾಸ್ತ್ರವೇ ವ್ಯರ್ಥವಾಗುವುದೆಂಬ ಕಾರಣದಿಂದ. ಸೂಜಿ ಹಿಡಿದ ಕೈ ನಮ್ಮದು. ಹರಿಚಿತ್ತದ ಹೆಸರಿನಲ್ಲಿ ಅದನ್ನು ಮರೆಮಾಚಲಾಗದು.

ಇನ್ನೊಂದು ಆಕ್ಷೇಪ ತಾರತಮ್ಯವನ್ನು ಮುಂದಿಡುತ್ತದೆ. ಪೂಜ್ಯವಾದ ಗೋವೆಲ್ಲಿ, ಶವಭಕ್ಷಕವಾದ ಹದ್ದೆಲ್ಲಿ? ಇಲ್ಲಿ ಸ್ವಲ್ಪ ಎಚ್ಚರ ಬೇಕು. ತಾರತಮ್ಯವು ಜೀವಸ್ವರೂಪದ ಯೋಗ್ಯತೆಯನ್ನು ಕುರಿತದ್ದು. ಹದ್ದಿನ ದೇಹವಾದರೋ ಕರ್ಮದಿಂದ ಬಂದದ್ದು. ಆ ದೇಹದೊಳಗಿನ ಜೀವನ ಯೋಗ್ಯತೆಯನ್ನು ಅಳೆಯಲು ನಾವಾರು? ಪಕ್ಷಿಯ ಶರೀರದಲ್ಲಿದ್ದ ಜಟಾಯುವಿಗೆ ಶ್ರೀರಾಮಚಂದ್ರನೇ ಉತ್ತರಕ್ರಿಯೆ ಮಾಡಿದನೆಂಬುದನ್ನು ಮರೆಯಲಾಗದು.

ಶ್ರೀಮದಾಚಾರ್ಯರು ಉಪದೇಶಿಸಿದ ಪಂಚಭೇದಗಳಲ್ಲಿ ಜಡ-ಜಡ ಭೇದವೂ ಒಂದು. ನಮ್ಮ ಪ್ರವಚನಗಳಲ್ಲಿ ಅದಕ್ಕೆ ಸಿಗುವ ಗಮನ ಅತ್ಯಲ್ಪ. ಜೀವೇಶ್ವರ ಭೇದವನ್ನು ವಿವರಿಸುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಜಡವಾದ ಒಂದು ದೇಹಕ್ಕೂ ಮತ್ತೊಂದಕ್ಕೂ ಇರುವ ಭೇದ ಸತ್ಯವಾದದ್ದರಿಂದಲೇ ಒಂದರ ಕೆಲಸವನ್ನು ಮತ್ತೊಂದು ಮಾಡಲಾರದು. ಅತ್ತಿಯ ಹಣ್ಣನ್ನು ಬಿಡಿಸಿದರೆ ಒಳಗೆ ಹುಳವೆಂದು ನಗುತ್ತೇವೆ. ಆದರೆ ಆ ಕಾಯಿಯೊಳಗೆ ಅಡಗಿರುವ ಹೂವುಗಳಿಗೆ ಪರಾಗವನ್ನು ಮುಟ್ಟಿಸುವುದು ಒಂದು ಪುಟ್ಟ ಕಣಜವೇ. ಅತ್ತಿಗೂ ಅಶ್ವತ್ಥಕ್ಕೂ ಬೇರೆಬೇರೆ ಕಣಜಗಳು. ಒಂದರ ಬದಲು ಇನ್ನೊಂದು ನಡೆಯದು.

ಹದ್ದಿನ ವಿಷಯದಲ್ಲಿಯೂ ಹೀಗೆಯೇ ಆಯಿತು. ಅದರ ಜಠರದ ಆಮ್ಲವು ಕೊಳೆತ ಮಾಂಸದ ರೋಗಾಣುಗಳನ್ನು ಕೊಲ್ಲುವಷ್ಟು ತೀಕ್ಷ್ಣ. ಹಿಂಡೊಂದು ಸತ್ತ ದನವನ್ನು ಕೆಲವೇ ತಾಸುಗಳಲ್ಲಿ ಎಲುಬಿಗಿಳಿಸುತ್ತಿತ್ತು. ಹದ್ದು ಹೋದಮೇಲೆ ಕಳೇಬರಗಳು ನಾಯಿಗಳ ಪಾಲಾದವು. ಬೀದಿನಾಯಿಗಳು ಹೆಚ್ಚಿದವು, ಹುಚ್ಚುನಾಯಿ ಕಡಿತದ ಭಯ ಹೆಚ್ಚಿತು, ಕೊಳೆತ ಮಾಂಸ ನೀರಿಗಿಳಿಯಿತು. 2000ರಿಂದ 2005ರ ವರೆಗೆ ಹೀಗೆ ಸುಮಾರು 5 ಲಕ್ಷ ಜನರು ಹೆಚ್ಚಾಗಿ ಮೃತರಾದರೆಂದು 2024ರಲ್ಲಿ ಪ್ರಕಟವಾದ ಇಬ್ಬರು ಅರ್ಥಶಾಸ್ತ್ರಜ್ಞರ ಅಧ್ಯಯನ ಅಂದಾಜು ಮಾಡಿದೆ. ಮುಂಬಯಿಯ ವಾಚಕರಿಗೆ ಇನ್ನೊಂದು ಪರಿಣಾಮವೂ ಗೊತ್ತು. ಮಲಬಾರ್ ಹಿಲ್‌ನ ಮೌನಗೋಪುರಗಳಲ್ಲಿ ಪಾರಸಿ ಬಾಂಧವರು ದೇಹವನ್ನು ಹದ್ದುಗಳಿಗೆ ಒಪ್ಪಿಸುತ್ತಿದ್ದರು. ಹದ್ದುಗಳಿಲ್ಲದೆ ಅಲ್ಲಿ ಬಿಸಿಲನ್ನು ಕೇಂದ್ರೀಕರಿಸುವ ಸಾಧನಗಳನ್ನು ಅಳವಡಿಸಬೇಕಾಯಿತು. ದನದ ಕೊಟ್ಟಿಗೆಯಲ್ಲಿ ಚುಚ್ಚಿದ ಒಂದು ಸೂಜಿ ಒಂದು ಸಮಾಜದ ಅಂತ್ಯಸಂಸ್ಕಾರವನ್ನೇ ಕದಲಿಸಿತು.

ಅರಿಯದೆ ಮಾಡಿದ್ದಕ್ಕೂ ಅರಿತಮೇಲೆ ಮಾಡುವುದಕ್ಕೂ ಅಜಗಜಾಂತರವಿದೆ. 2004ಕ್ಕಿಂತ ಮೊದಲು ಮದ್ದು ಕೊಟ್ಟ ರೈತನನ್ನು ದೂರುವುದು ಅನ್ಯಾಯ. 2006ರಲ್ಲಿ ಸರಕಾರವು ಪಶುಗಳಿಗಾಗಿ ಡೈಕ್ಲೋಫಿನಾಕ್ ತಯಾರಿಸುವುದನ್ನು ನಿಷೇಧಿಸಿತು. ಆಮೇಲೆಯೂ ಮನುಷ್ಯರಿಗಾಗಿ ಬರುತ್ತಿದ್ದ ದೊಡ್ಡ ಸೀಸೆಗಳನ್ನೇ ದನಗಳಿಗೆ ಬಳಸಿದವರುಂಟು. ಆದ್ದರಿಂದ 2015ರಲ್ಲಿ ಅಂಥ ಸೀಸೆಗಳನ್ನೂ ನಿಷೇಧಿಸಬೇಕಾಯಿತು. ಹದ್ದಿಗೆ ಮಾರಕವೆಂದು ತಿಳಿದುಬಂದ ಕೀಟೊಪ್ರೊಫೆನ್, ಅಸಿಕ್ಲೋಫಿನಾಕ್‌ಗಳ ಪಶುಬಳಕೆ 2023ರಲ್ಲಿ ನಿಷಿದ್ಧವಾಯಿತು. ಹದ್ದಿಗೆ ಹಾನಿಮಾಡದೆ ದನದ ನೋವನ್ನು ಶಮನಗೊಳಿಸುವ ಮೆಲಾಕ್ಸಿಕ್ಯಾಮ್ ಎಂಬ ಔಷಧವೂ ದೊರೆಯುತ್ತದೆ. ಗೋವಿನ ನೋವೋ ಹದ್ದಿನ ಪ್ರಾಣವೋ ಎಂಬ ಧರ್ಮಸಂಕಟವೇ ಈಗ ಉಳಿದಿಲ್ಲ.

ಈ ಪತ್ರಿಕೆಯ ವಾಚಕರಲ್ಲಿ ಅನೇಕರು ಊರಿನ ಗೋಶಾಲೆಗಳಿಗೆ ಪ್ರತಿವರ್ಷವೂ ತಪ್ಪದೆ ದೇಣಿಗೆ ಕಳುಹಿಸುವವರು. ಗೋಶಾಲೆಗಳಲ್ಲಿ ಮುದಿ ಹಸುಗಳೇ ಹೆಚ್ಚು. ಕೊನೆಗಾಲದಲ್ಲಿ ಅವುಗಳಿಗೆ ನೋವಿನ ಮದ್ದು ಬೇಕಾಗುತ್ತದೆ. ಮದ್ದು ಪಡೆದ ಮರುದಿನವೇ ಸಾಯುವುದೂ ಉಂಟು. ಹಣ ಕಳುಹಿಸುವವರು ಹುಲ್ಲು-ಹಿಂಡಿಯ ಲೆಕ್ಕವನ್ನು ಕೇಳುವಂತೆ, ಯಾವ ಮದ್ದನ್ನು ಕೊಡುತ್ತೀರಿ ಎಂದೂ ಒಂದು ಕಾಗದ ಬರೆದು ಕೇಳಬಹುದು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಅಭಯಾರಣ್ಯವೆಂದು ಘೋಷಿಸಲಾಗಿದೆ. ಅಲ್ಲಿನ ಬಂಡೆಗಳಲ್ಲಿ ಉದ್ದಕೊಕ್ಕಿನ ಹದ್ದುಗಳು ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ಆಹಾರವನ್ನರಸಿ ಅವು ಬೆಟ್ಟದಿಂದ ಬಹುದೂರ ಹಾರುತ್ತವೆ. ಯಾರ ಗೋಶಾಲೆಯ ಹಿಂದೆ ಇಳಿಯುತ್ತವೆಯೆಂದು ಬಲ್ಲವರಿಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥